ಲ್ಯಾಪ್‌ಟಾಪ್ ಬಿಸಿ ಮಾಡಿದವರು

ಶ್ರೀಲತಾ ಮಧುಗಿರಿಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ವಯಸ್ಸು ನಲವತ್ತಮೂರು. ದಿನಾ ಸಂಜೆ ಶಾಲೆಯಿಂದ ಬಂದು, ಮುಖ ತೊಳೆದು, ಕಾಫಿ ಕುಡಿದು, ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಇಟ್ಟುಕೊಂಡು ಕಾರ್ ರೇಸ್ ಆಡುತ್ತಿದ್ದಳು. ಗಂಡ ದೇವರಾಜು ಶಿರಾದಲ್ಲಿ ಲೈನ್‌ಮನ್. ಅವನು ಏಳೂವರೆಯ ಬಸ್ಸಿಗೆ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಬೀರು ಸೇರಿರುತ್ತಿತ್ತು. ಕದ್ದು ಆಡಬೇಕೆಂದು ಅವಳೇನೂ ಅಂದುಕೊಂಡವಳಲ್ಲ. ಮೊದಲ ದಿನ ಹೇಳಲಿಲ್ಲ, ಆಮೇಲೆ ಹೇಳುವುದಕ್ಕೆ ನಾಚಿಕೆಯಾಯಿತು, ಹಾಗೇ ಎರಡು ವರ್ಷ ಕಳೆಯಿತು.

ಆ ವರ್ಷದ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ತಕರಾರು ಶುರುಮಾಡಿತು. ಆಟ ತೆರೆದ ಹತ್ತು ನಿಮಿಷಕ್ಕೆ ಒಳಗಿನ ಫ್ಯಾನು ಕಿರುಚುವುದು, ಕೈಯಿಟ್ಟ ಜಾಗ ದೋಸೆ ಹೆಂಚಿನಂತೆ ಸುಡುವುದು, ಕಾರು ತೆವಳುವುದು, ಕೊನೆಗೆ ತಾನಾಗಿಯೇ ಆರಿಹೋಗುವುದು. ಒಂದು ದಿನ ಪ್ರಶ್ನೆಪತ್ರಿಕೆ ಟೈಪ್ ಮಾಡುವಾಗಲೂ ಆರಿತು. ಅವಳಿಗೆ ಗಾಬರಿಯಾಯಿತು. ಮಧುಗಿರಿಯ ರಿಪೇರಿ ಅಂಗಡಿಗಳಲ್ಲಿ ಕೂತಿರುವವರೆಲ್ಲ ಅವಳ ಹಳೆಯ ವಿದ್ಯಾರ್ಥಿಗಳೇ. ಹಾಗಾಗಿ ಭಾನುವಾರ ಶಿರಾಕ್ಕೆ ಹೋಗಿ, ಮುನೀರ್ ಪಾಷಾ ಎಂಬುವರ ಅಂಗಡಿ ಹುಡುಕಿ ಕೊಟ್ಟಳು.

ಪಾಷಾ ಹಿಂಬದಿಯ ಮುಚ್ಚಳ ಬಿಚ್ಚಿದರು. ಫ್ಯಾನಿನ ಬಾಯಿಗೆ ಹಾಸಿಗೆಯ ನೂಲು, ಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬ್ಯಾಟರಿ ಉಬ್ಬಿತ್ತು.

“ಯಾರು ಮೇಡಂ ಇದರಾಗೆ ಗೇಮ್ ಆಡೋರು?”

“ನಮ್ಮನೆಯವರು” ಎಂದುಬಿಟ್ಟಳು. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ.

“ಅರೆ, ಈ ವಯಸ್ಸಿನಾಗೆ!” ಎಂದು ಪಾಷಾ ತಲೆಯಾಡಿಸಿದರು. “ಗುರುವಾರ ಕೊಡ್ತೀನಿ.”

ಲ್ಯಾಪ್‌ಟಾಪ್ ಶಿರಾದಲ್ಲಿದೆ ಎಂದು ತಿಳಿದ ಕೂಡಲೇ ದೇವರಾಜು, “ನಮ್ಮ ಆಫೀಸಿನ್ ತಾವೇ ಐತಲ್ಲ, ನಾನೇ ತತ್ತೀನಿ ಬುಡು” ಅಂದ. ಬೇಡ ಅನ್ನಲು ಅವಳಿಗೆ ಒಂದು ಕಾರಣವೂ ಹೊಳೆಯಲಿಲ್ಲ. ಗುರುವಾರ ಪರೀಕ್ಷಾ ಕೊಠಡಿಯಲ್ಲಿ ಮೂರು ಗಂಟೆ ಓಡಾಡಿದಳು. ಯಾರು ಕಾಪಿ ಹೊಡೆದರು, ಯಾರು ಬಿಟ್ಟರು, ಒಂದೂ ಕಣ್ಣಿಗೆ ಬೀಳಲಿಲ್ಲ.

ದೇವರಾಜು ಬಂದವನು ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟ. ಕೈಕಾಲು ತೊಳೆದ. ಊಟಕ್ಕೆ ಕೂತು ಎರಡನೆಯ ಮುದ್ದೆ ಹಾಕಿಸಿಕೊಂಡ ಮೇಲೆ ಬಾಯಿ ಬಿಟ್ಟ.

“ಲತಾ, ಆ ಸಾಬ್ರು ನನ್ನ ಕುಂಡ್ರಿಸ್ಕಂಡು ಅರ್ಧ ಗಂಟೆ ಬೈದ್ರು ಕಣೆ. ಹೆಂಡ್ತಿ ಪಾಠ ಮಾಡೋ ಮಿಷನ್ನು, ನಿಮಗೆ ಹುಡುಗಾಟವಾ ಅಂದ್ರು. ಅಂಗಡಿ ಜನವೆಲ್ಲ ನನ್ನೇ ನೋಡ್ತಿದ್ರು.”

“ನೀವೇನಂದ್ರಿ?”

“ಇನ್ಮೇಲೆ ಹಾಸಿಗೆ ಮ್ಯಾಲೆ ಇಟ್ಕಳಲ್ಲ ಸಾಬ್ರೇ ಅಂದೆ. ಇನ್ನೇನನ್ಲಿ?”

ಅವನು ಸಾರು ಕೇಳಿದ. ಬೇರೇನೂ ಕೇಳಲಿಲ್ಲ. ರೇಗಿದ್ದರೆ ಎದುರು ಮಾತಾಡಬಹುದಿತ್ತು. ಹೀಗೆ ಸುಮ್ಮನಿದ್ದವನ ಮುಂದೆ ಅವಳಿಗೆ ಸೌಟು ಹಿಡಿದು ನಿಲ್ಲುವುದೂ ಕಷ್ಟವಾಯಿತು.

“ಆಡೋದು ನಾನು” ಅಂದಳು.

“ಇಬ್ರೇ ಇರೋ ಮನೇಲಿ ಅದೇನು ಕಂಡುಹಿಡಿಯೋದಾ?” ಎಂದು ನಕ್ಕ. ಆಮೇಲೆ ಪಾಷಾ ಹೇಳಿದ್ದನ್ನು ಒಪ್ಪಿಸಿದ. ಬ್ಯಾಟರಿ ಬದಲಾಯಿಸಿದ್ದಾರೆ, ಫ್ಯಾನಿನ ಧೂಳು ತೆಗೆದಿದ್ದಾರೆ, ಬಿಸಿ ಎಳೆದುಕೊಳ್ಳಲೆಂದು ಒಳಗೆ ಹಚ್ಚಿರುವ ಪೇಸ್ಟ್ ಒಣಗಿಹೋಗಿತ್ತು, ಅದನ್ನು ತೆಗೆದು ಹೊಸದು ಹಚ್ಚಿದ್ದಾರೆ. ಆದರೆ ಎರಡು ವರ್ಷ ಬೆಂದ ಬೋರ್ಡು. ಆಡದಿದ್ದರೆ ಇನ್ನು ಮೂರು ವರ್ಷ ಬಾಳೀತು, ಆಡಿದರೆ ಒಂದು ವರ್ಷ. “ಟ್ರಾನ್ಸ್‌ಫಾರ್ಮರ್ರೂ ಅಂಗೇ ಕಣೆ. ಲೋಡ್ ಜಾಸ್ತಿಯಾಗಿ ಗಾಳಿ ಸಾಲ್ದಿದ್ರೆ ಒಳಗೊಳಗೇ ಬೇಯ್ತದೆ. ಒಂದಿನ ಡಮ್ಮಂತದೆ.”

ಮುಂದಿನ ಭಾನುವಾರ ಶ್ರೀಲತಾ ಮತ್ತೆ ಶಿರಾಕ್ಕೆ ಹೋದಳು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗುವ ತನಕ ಕಾಯಬಹುದಿತ್ತು, ಕಾಯಲಿಲ್ಲ. “ಪಾಷಾ ಅವರೇ, ಗೇಮ್ ಆಡಿದ್ದು ನಾನು. ನಮ್ಮನೆಯವರಿಗೆ ಅದನ್ನ ಆನ್ ಮಾಡೋಕೂ ಬರಲ್ಲ” ಅಂದಳು. ಪಾಷಾ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

“ತೋಬಾ! ಆ ಮನುಷ್ಯ ತುಟಿ ಪಿಟಕ್ ಅನ್ನಲಿಲ್ಲ ಮೇಡಂ” ಅಂದರು. ಸ್ಕ್ರೂಡ್ರೈವರ್ ಮತ್ತೆ ಎತ್ತಿಕೊಂಡು, “ಯಾವ ಗೇಮು?” ಎಂದು ಕೇಳಿದರು. ಅವಳು ಹೇಳಿದಳು. ಹಾಗಾದರೆ ಗ್ರಾಫಿಕ್ಸ್ ಕಡಿಮೆ ಇಟ್ಟುಕೊಳ್ಳಿ, ಚಿತ್ರ ಸ್ವಲ್ಪ ಒರಟಾದರೂ ಬಿಸಿ ಅರ್ಧಕ್ಕೆ ಇಳಿಯುತ್ತದೆ ಎಂದು ಹೇಗೆ ಮಾಡಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು.

ಅವಳು ಆಟ ಬಿಡಲಿಲ್ಲ. ಮೇಜಿನ ಮೇಲೆ ಎರಡು ಮರದ ಪಟ್ಟಿ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಕೂರಿಸಿ, ಅರ್ಧ ಗಂಟೆ ಮಾತ್ರ ಆಡಿದಳು. ಫ್ಯಾನಿನ ದನಿ ಏರಿದರೆ ರೇಸ್ ಗೆಲ್ಲುತ್ತಿದ್ದರೂ ನಿಲ್ಲಿಸಿದಳು. ದೇವರಾಜು ಬೇಗ ಬಂದ ದಿನ ಬೀರುವಿಗೆ ಓಡುವುದು ನಿಂತಿತು. ಅವನು ಒಂದು ಸಲ ಇಣುಕಿ ನೋಡಿ, ಈ ರೋಡಿನಲ್ಲಿ ಎಮ್ಮೆಗಳೇ ಇಲ್ಲವಲ್ಲ ಎಂದು ಆಸಕ್ತಿ ಕಳೆದುಕೊಂಡ.

ಲ್ಯಾಪ್‌ಟಾಪ್ ಒಂದು ವರ್ಷ ಹನ್ನೊಂದು ತಿಂಗಳು ಬಾಳಿತು. ಫೆಬ್ರವರಿಯ ಒಂದು ಸಂಜೆ ಪರದೆ ಕಪ್ಪಾಯಿತು, ಮತ್ತೆ ಬೆಳಗಲಿಲ್ಲ. ಬೋರ್ಡು ಹೋಗಿದೆ ಎಂದ ಪಾಷಾ, ಪಾಠದ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟರು.

“ಹೊಸದು ತಗಳಾಣವಾ?” ಎಂದ ದೇವರಾಜು.

“ಈ ಬೇಸಿಗೆ ಕಳೀಲಿ, ಹೊಸದನ್ನ ಸೆಕೇಲಿ ಬೇಯಿಸೋದು ಬೇಡ” ಎಂದಳು ಶ್ರೀಲತಾ.