ಮುಡಿಗೆ ಮೊದಲು ಸೂಜಿ

ಕವಲಂದೆ ದಾರಿಯ ಆ ಊರಿನ ಮೇಲಿನ ಬೀದಿಯಲ್ಲಿ ಮೂರು ಮಕ್ಕಳಿಗೆ ದಡಾರ ಎದ್ದಿತ್ತು. ಎರಡು ಮಕ್ಕಳು ಮನೆಯಲ್ಲೇ ಮಲಗಿದ್ದವು. ಮೂರನೆಯದಕ್ಕೆ ಉಸಿರಾಡಲು ಕಷ್ಟವಾಗಿ ನಂಜನಗೂಡಿನ ಆಸ್ಪತ್ರೆಗೆ ಸೇರಿಸಿದ್ದರು. ಸುದ್ದಿ ಕೇಳಿದಂದಿನಿಂದ ಕೆಳಗಿನ ಬೀದಿಯ ಪುಟ್ಟಲಕ್ಷ್ಮಿಗೆ ಊಟ ಸೇರುತ್ತಿರಲಿಲ್ಲ. ಅವಳ ಮಗಳು ದಿವ್ಯಳಿಗೆ ಆಗಷ್ಟೇ ಒಂಬತ್ತು ತಿಂಗಳು ತುಂಬಿತ್ತು. ಇದು 2003ರ ಜನವರಿಯ ಮಾತು.

ಬುಧವಾರ ನರ್ಸಮ್ಮ ಪವಿತ್ರ ಪುಟ್ಟಲಕ್ಷ್ಮಿಯ ಮನೆಗೆ ಬಂದರು. ಅತ್ತೆ ಮಂಚಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ನಾಳೆ ಅಂಗನವಾಡೀಲಿ ದಡಾರದ ಇಂಜೆಕ್ಷನ್ ಹಾಕ್ತೀವಿ. ಕೂಸನ್ನ ಕರ್ಕೊಂಡ್ ಬನ್ನಿ ಮಂಚಮ್ಮ."

"ಅದೆಂಗಾದದು? ಮುಡಿ ಕೊಡಗಂಟ ಕೂಸಿನ ಮೈಗೆ ಕಬ್ಬಿಣ ಮುಟ್ಟಿಸಕಿಲ್ಲ ನಮ್ಮನೇಲಿ. ನಂಜುಂಡಪ್ಪಂಗೆ ಅರಕೆ ಅದೆ."

"ಮುಡಿ ಯಾವಾಗ?"

"ಸೋದರಮಾವ ತೊಡೆ ಮ್ಯಾಲೆ ಕೂರ್ಸ್ಕಬೇಕಲ್ಲ. ಅವ್ನು ಕೊಡಗಿಗೆ ಕಾಫಿ ಅಣ್ಣು ಬುಡ್ಸಕ್ಕೆ ಓಗವ್ನೆ. ಇನ್ನೆರಡು ತಿಂಗ್ಳು."

"ದಡಾರ ಸೋದರಮಾವನ್ನ ಕಾಯ್ತಾ ಕೂರಲ್ಲ."

"ಪೋಲಿಯೊ ಅನಿ ಆಕ್ಸಿದ್ದೀವಲ್ಲ, ಸಾಲ್ದಾ?"

"ಅದು ಪೋಲಿಯೊಗೆ ಮಾತ್ರ. ದಡಾರಕ್ಕೆ ಈ ಸೂಜಿನೇ ಬೇಕು."

"ಜ್ವರ ಬಂದ್ರೆ ನೀನ್ ಬಂದು ಎತ್ಕೊಂಡ್ ತಿರ್ಗೀಯಾ?"

"ಒಂದು ವಾರ ಆದ್ಮೇಲೆ ಕೆಲವು ಮಕ್ಕಳಿಗೆ ಸಣ್ಣ ಜ್ವರ ಬರುತ್ತೆ, ತಾನೇ ಇಳಿಯುತ್ತೆ. ದಡಾರ ಹಾಗಲ್ಲ. ಕಣ್ಣು ಹೋಗಬಹುದು, ಜೀವಾನೇ ಹೋಗಬಹುದು."

ಪುಟ್ಟಲಕ್ಷ್ಮಿಯ ಗಂಡ ಚಿಕ್ಕಮಾದು ಗುದ್ದಲಿಗೆ ಕಾವು ಕೂರಿಸುತ್ತಿದ್ದ. ನರ್ಸಮ್ಮ ಅವನ ಮುಖ ನೋಡಿದರು.

"ಅವ್ವ ಏಳ್ದಂಗೆ" ಎಂದ, ತಲೆ ಎತ್ತದೆ.

ಬಾಗಿಲ ಹಿಂದಿದ್ದ ಪುಟ್ಟಲಕ್ಷ್ಮಿ ಒಳಗೆ ಹೋದಳು. ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟಿದ್ದ ಮಗುವಿನ ಚುಚ್ಚುಮದ್ದಿನ ಕಾರ್ಡನ್ನು ತೆಗೆದು ಜಗುಲಿಗೆ ಬಂದಳು. ಹೊರಗಿನವರ ಮುಂದೆ ಅವಳು ಆ ಮನೆಯಲ್ಲಿ ಬಾಯಿ ತೆರೆದದ್ದೇ ಇಲ್ಲ. ಕಾರ್ಡನ್ನು ಅತ್ತೆಯ ಮುಂದೆ ಹಿಡಿದಳು.

"ಅತ್ತೆ, ದಿವ್ಯನ ಮೈಗೆ ಆಗ್ಲೇ ಕಬ್ಬಿಣ ಮುಟ್ಟದೆ. ನಾಕು ಸಲ. ನಮ್ಮವ್ವನ ಮನೇಲಿ ಬಾಣಂತನಕ್ಕಿದ್ದಾಗ ನಾನೇ ಆಕ್ಸಿದೆ. ಎಡದ ತೋಳಲ್ಲಿರೋ ಕಲೆ ಸೊಳ್ಳೆ ಕಚ್ಚಿದ್ದು ಅಂದಿದ್ನಲ್ಲ, ಅದು ಸೂಜೀದು."

ಮಂಚಮ್ಮನ ಕೈಲಿದ್ದ ಅವರೆಕಾಯಿ ಹಾಗೇ ನಿಂತಿತು. "ಇಷ್ಟು ದಿನ ನನ್ ಕಣ್ಣಿಗೆ ಮಣ್ಣೆರಚಿದ್ಯಾ ಅಮ್ಮಿ?"

"ಮುಚ್ಚಿಟ್ಟಿದ್ದು ತಪ್ಪೇ. ಏಳಿದ್ರೆ ಬ್ಯಾಡ ಅಂತಿದ್ರಿ, ಅದ್ಕೇ ಎದ್ರುಕಂಡೆ. ಇವತ್ತು ಕದ್ದು ಓಗಕಿಲ್ಲ. ನಿಮ್ಗೆ ಏಳ್ಬುಟ್ಟೇ ಓಯ್ತೀನಿ. ನಾಳೆ ಕೂಸ್ಗೆ ಸೂಜಿ ಆಕ್ಸ್ತೀನಿ."

ಮಂಚಮ್ಮ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ಎಡತೋಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಗು ಅವರ ಬಳೆ ಹಿಡಿದು ಜಗ್ಗಿತು.

"ನಾಕು ಸಲಾನಾ? ಏನೂ ಆಗಿಲ್ವಲ್ಲ ಇದ್ಕೆ! ಕಲ್ಗುಂಡಿದ್ದಂಗದೆ."

"ಹರಕೆ ಇರೋದು ಕೂದಲಿಗೆ ಮಂಚಮ್ಮ. ನಾವು ತಲೆ ಮುಟ್ಟಲ್ಲ" ಎಂದರು ನರ್ಸಮ್ಮ.

"ನೀ ಸುಮ್ಕಿರವ್ವ, ತಿಳೀತು." ಮಂಚಮ್ಮ ಮಗನ ಕಡೆ ತಿರುಗಿದರು. "ಲೇ, ನಿನ್ ಎಂಡ್ರು ಬಾಯ್ಬುಟ್ಟು ಮಾತಾಡವ್ಳೆ. ನೀನಿನ್ನೂ ಅವ್ವ ಏಳ್ದಂಗೆ ಅಂತ ಕೂತಿದ್ದೀಯಲ್ಲ! ನಾಳೆ ಗೇಮೆಗೆ ಓಗ್ಬ್ಯಾಡ, ಕೂಸ ಎತ್ಕೊಂಡ್ ನಡಿ."

ಗುರುವಾರ ಮಗುವನ್ನು ಎತ್ತಿಕೊಂಡು ಮೂವರೂ ಅಂಗನವಾಡಿಗೆ ಹೋದರು. ಸೂಜಿ ಚುಚ್ಚಿದಾಗ ದಿವ್ಯ ಕಿರುಚಿದಳು. ಮಂಚಮ್ಮ ನರ್ಸಮ್ಮನನ್ನೇ ಬೈದರು. ಮುಂದಿನ ತಿಂಗಳು ದಡಾರ ಕೆಳಗಿನ ಬೀದಿಗೂ ಇಳಿಯಿತು. ಪಕ್ಕದ ಮನೆಯ ಕೂಸು ಹದಿನೈದು ದಿನ ನರಳಿತು. ದಿವ್ಯ ಜಗುಲಿ ಹಿಡಿದುಕೊಂಡು ನಡೆಯಲು ಕಲಿಯುತ್ತಿದ್ದಳು.

ಅಕ್ಕಂದಿರೇ, ತಂಗಿಯರೇ, ಒಂಬತ್ತು ತಿಂಗಳು ತುಂಬಿದ ಕೂಡಲೇ ಮಗುವಿಗೆ ದಡಾರದ ಚುಚ್ಚುಮದ್ದು ಹಾಕಿಸಿ. ಹಬ್ಬ, ಹರಕೆ, ನೆಂಟರು ಎಂದು ದಿನ ತಳ್ಳಬೇಡಿ. ಮನೆಯಲ್ಲಿ ಬೇಡವೆಂದರೆ ಬಾಗಿಲ ಹಿಂದೆ ನಿಲ್ಲಬೇಡಿ, ಜಗುಲಿಗೆ ಬಂದು ಹೇಳಿ. ಅತ್ತೆಯಂದಿರೇ, ಸೊಸೆ ಹೇಳುವುದನ್ನು ಒಂದು ಗಳಿಗೆ ಕೂತು ಕೇಳಿ. ನಿಮ್ಮ ಮೊಮ್ಮಗುವಿನ ಜೀವದ ಮಾತು ಅದು.