ಅಮ್ಮಿ ಸುರಿದ ನೀರು

ಭೇದಿ ಹತ್ತಿದ ಮಗು ಎಷ್ಟು ಬೇಗ ಸೊರಗುತ್ತದೆ ಎನ್ನುವುದು ಹೆತ್ತವರಿಗೇ ಗೊತ್ತು. ಬಾಣಸವಾಡಿಯ ಹಮೀದಾಳ ಮಗಳು ರಿಮ್ಶಾ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಕಣ್ಣು ಗುಳಿ ಬಿದ್ದಿತ್ತು. ಮನೆ ತುಂಬ ಓಡಾಡುತ್ತಿದ್ದ ಹುಡುಗಿ ಈಗ ಕರೆದರೆ ತಿರುಗಿ ನೋಡುವುದಕ್ಕೂ ತ್ರಾಣವಿಲ್ಲದೆ ಚಾಪೆಗೆ ಅಂಟಿಕೊಂಡಿದ್ದಳು. ಹಮೀದಾ ಒಆರ್‌ಎಸ್ ನೀರನ್ನು ಚಮಚ ಚಮಚವಾಗಿ ಕುಡಿಸುತ್ತ ಪಕ್ಕದಲ್ಲೇ ಕೂತಿದ್ದಳು.

ಹೊರಗೆ ಗಂಡ ಮುಕ್ತಾರ್ ಗಾಡಿ ಸಜ್ಜು ಮಾಡುತ್ತಿದ್ದ. ಅದು ಬಾಡಿಗೆಗೆ ಕೊಡುವ ಮೋಟರ್‌ಹೋಮ್. ಹಳೆಯ ಟೆಂಪೋವನ್ನು ಶಿವಾಜಿನಗರದ ಗ್ಯಾರೇಜಿನಲ್ಲಿ ಬಿಚ್ಚಿ, ಕಟ್ಟಿ, ಒಳಗೆ ಮಂಚ, ಒಲೆ, ಸಿಂಕು ಎಲ್ಲ ಕೂರಿಸಿದ್ದ. ಮಂಚದ ಕೆಳಗೆ ನೂರು ಲೀಟರಿನ ನೀರಿನ ಟ್ಯಾಂಕು. ಮಾರನೆಯ ದಿನ ಮಾರತ್ತಹಳ್ಳಿಯ ಒಂದು ಕುಟುಂಬ ಅದರಲ್ಲಿ ಊರು ಸುತ್ತಲು ಹೊರಡುವುದಿತ್ತು.

ಆ ಟ್ಯಾಂಕಿಗೆ ಒಂದು ಕಥೆ ಇದೆ. ಗಾಡಿ ತಯಾರಾದ ದಿನ, ಹಜ್ಜಿಗೆ ಹೋಗಿ ಬಂದಿದ್ದ ಮುಕ್ತಾರನ ತಾಯಿ ಮೆಕ್ಕಾದಿಂದ ತಂದಿದ್ದ ಪವಿತ್ರ ಝಮ್‌ಝಮ್ ನೀರಿನ ಪುಟ್ಟ ಬಾಟಲಿಯನ್ನು ಬಿಸ್ಮಿಲ್ಲಾ ಹೇಳಿ ಅದರೊಳಗೆ ಸುರಿದರು. "ಇದರಲ್ಲಿ ಹೋದವರೆಲ್ಲ ಸುಖವಾಗಿ ಮನೆಗೆ ಬರಲಿ" ಎಂದು ದುವಾ ಮಾಡಿದರು. ಅದೇ ವರ್ಷ ಅವರು ತೀರಿಕೊಂಡರು. ಅಂದಿನಿಂದ ಮುಕ್ತಾರ್ ಟ್ಯಾಂಕನ್ನು ಖಾಲಿ ಮಾಡಿಸಲಿಲ್ಲ. ಝಮ್‌ಝಮ್ ನೀರನ್ನು ಮೋರಿಗೆ ಬಿಡುವುದುಂಟೆ? ಅರ್ಧಕ್ಕೆ ಇಳಿದರೆ ಮೇಲಿನಿಂದ ತುಂಬಿಸುತ್ತಿದ್ದ. ಎಷ್ಟು ತುಂಬಿಸಿದರೂ ಅಮ್ಮಿ ಸುರಿದದ್ದು ಒಂದಿಷ್ಟಾದರೂ ತಳದಲ್ಲಿ ಇರುತ್ತದೆ ಎಂಬುದು ಅವನ ನಂಬಿಕೆ. ಮನೆಯವರು ಪ್ರವಾಸ ಹೊರಟಾಗ ಆ ನಲ್ಲಿಯಿಂದ ಒಂದು ಗುಟುಕು ಹಿಡಿದು "ದಾದಿಯ ದುವಾ, ನಿನ್ನ ಅಜ್ಜಿಯ ಹಾರೈಕೆ" ಎಂದು ರಿಮ್ಶಾಗೆ ಕುಡಿಸುತ್ತಿದ್ದ. ಹಮೀದಾಗೂ ಅದು ಹಿತವೇ ಆಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು "ಹೊರಗಿನ ನೀರು ಕುಡಿದಳಾ?" ಎಂದು ಕೇಳುವವರೆಗೆ ಅವಳಿಗೆ ಅನುಮಾನವೇ ಬಂದಿರಲಿಲ್ಲ. ಕೇಳಿದ ಮೇಲೆ ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ನಿಂತಿತು.

ಆ ಬೆಳಗ್ಗೆ ಮಗುವನ್ನು ನೋಡಲು ಸುಗತ ಬಂದ. ಹಲಸೂರಿನವನು, ಮುಕ್ತಾರನ ಶಾಲೆಯ ಗೆಳೆಯ, ಈಗ ಆರೋಗ್ಯ ನಿರೀಕ್ಷಕ. ಮಗುವಿನ ತಲೆ ಸವರಿ, ಒಆರ್‌ಎಸ್ ಪೊಟ್ಟಣ ನೋಡಿ, ಹೊರಗೆ ಗಾಡಿಯ ಹತ್ತಿರ ಹೋದ. ಹಮೀದಾ ಬಾಗಿಲಲ್ಲಿ ನಿಂತಳು.

"ಟ್ಯಾಂಕ್ ಯಾವಾಗ ತೊಳೆದಿದ್ದು?" ಎಂದು ಸುಗತ ಕೇಳಿದ.

"ತೊಳೆಯೋಕೆ ಏನಿದೆ ಗುರು? ಒಳ್ಳೆ ನೀರೇ ತುಂಬಿಸ್ತೀನಿ. ಕುಡಿಯೋಕೆ ಬೇರೆ ಕ್ಯಾನ್ ಇಡ್ತೀನಲ್ಲ," ಎಂದ ಮುಕ್ತಾರ್.

"ಹಲ್ಲುಜ್ಜೋದು ಯಾವ ನೀರಲ್ಲಿ? ತಟ್ಟೆ, ಹಣ್ಣು ತೊಳೆಯೋದು?"

"ನಾನೂ ಅದೇ ನೀರು ಬಳಸ್ತೀನಿ. ನನಗೇನಾಗಿದೆ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡನನ್ನು ಹಮೀದಾ ಬಲ್ಲಳು. ಆದರೆ ಇವತ್ತು ಸುಮ್ಮನಿರಲು ಅವಳಿಂದ ಆಗಲಿಲ್ಲ.

"ರಿಮ್ಶಾಗೆ ಅದನ್ನ ಕುಡಿಸಿದ್ವಿ ಭಾಯ್," ಎಂದಳು. "ಅಮ್ಮಿ ಝಮ್‌ಝಮ್ ಹಾಕಿದ್ರು. ಅದಕ್ಕೇ ಇವರು ಖಾಲಿ ಮಾಡಲ್ಲ."

ಆ ತಾಯಿಯ ಕೈಯ ಊಟ ಸುಗತನೂ ಉಂಡವನು.

"ಅಮ್ಮಿ ಹಾಕಿದ ನೀರಿಂದು ತಪ್ಪಿಲ್ಲ ಮುಕ್ತಾರ್," ಎಂದ ಮೆಲ್ಲಗೆ. "ಅವರು ಸುರಿದಿದ್ದು ಒಂದು ಬಾಟಲಿ. ಆಮೇಲೆ ನೀನು ಬೋರ್‌ವೆಲ್ ನೀರು, ಟ್ಯಾಂಕರ್ ನೀರು, ದಾರೀಲಿ ಸಿಕ್ಕಿದ ಬಂಕಿನ ನಲ್ಲಿ ನೀರು, ಎಲ್ಲಾ ತುಂಬಿಸಿದೀಯ. ಗಾಡಿ ಬಿಸಿಲಲ್ಲಿ ನಿಂತಿರುತ್ತೆ. ಬೆಚ್ಚಗೆ ನಿಂತ ನೀರಲ್ಲಿ ಲೋಳೆ ಕಟ್ಟುತ್ತೆ, ಅದರೊಳಗೆ ರೋಗಾಣು ಬೆಳೆಯುತ್ತೆ. ಮಗೂಗೆ ಇದರಿಂದಲೇ ಬಂತು ಅಂತ ಪರೀಕ್ಷೆ ಮಾಡಿಸದೆ ನಾನು ಹೇಳಲ್ಲ. ಆದರೆ ಈ ನೀರನ್ನ ನಮ್ಮ ಮನೆಯವರ ಬಾಯಿಗೆ ಬಿಡಲ್ಲ."

"ಅಮ್ಮಿ ಕೈಯಿಂದ ಬಿದ್ದಿದ್ದು ಅದೊಂದೇ ಉಳಿದಿರೋದು. ಅದನ್ನೂ ಮೋರಿಗೆ ಬಿಡು ಅಂತೀಯಾ?" ಎಂದು ಮುಕ್ತಾರ್ ಕೇಳಿದ.

"ನಾಳೆ ಬರೋರಿಗೆ ಕೈಗೂಸಿದೆ," ಎಂದಳು ಹಮೀದಾ. "ಅದರ ಹಾಲಿನ ಬಾಟಲಿ ಯಾವ ನೀರಲ್ಲಿ ತೊಳೀತಾರೆ?"

ಮುಕ್ತಾರ್ ಗಾಡಿ ಹತ್ತಿ, ಮಂಚದ ಹಲಗೆ ಎತ್ತಿ, ಟ್ಯಾಂಕಿನ ದೊಡ್ಡ ಮುಚ್ಚಳ ತಿರುಗಿಸಿದ. ಮೇಲೆ ನೀರು ತಿಳಿಯಾಗಿಯೇ ಕಂಡಿತು. ಅಂಗಿಯ ತೋಳು ಮಡಚಿ ಕೈಯನ್ನು ತಳಕ್ಕೆ ಇಳಿಸಿ ಒಳಗೋಡೆಯನ್ನು ಸವರಿದ. ಹೊರಗೆ ಬಂದ ಬೆರಳುಗಳಿಗೆ ಗಂಜಿಯ ಕೆನೆಯಂಥ ಲೋಳೆ ಹತ್ತಿತ್ತು. ಕೆಸರಿನ ವಾಸನೆ ಬಾಗಿಲವರೆಗೂ ಬಂತು.

ಹಮೀದಾಗೆ ಅತ್ತೆಯ ನೆನಪಾಯಿತು. ಪ್ರತಿ ಶುಕ್ರವಾರ ತಾಮ್ರದ ಲೋಟಾವನ್ನು ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜುತ್ತಿದ್ದ ಹೆಂಗಸು. ಒಳಗೆ ಒಂದು ಕಲೆ ಕಂಡರೂ ಮತ್ತೆ ಉಜ್ಜುತ್ತಿದ್ದರು.

"ಅಮ್ಮಿ ಇದ್ದಿದ್ರೆ ನಮಾಜಿಗೆ ಈ ನೀರಲ್ಲಿ ಕೈಕಾಲು ತೊಳೆದು ವುಜೂ ಮಾಡ್ತಿದ್ರಾ, ನೀವೇ ಹೇಳಿ," ಎಂದಳು.

ಮುಕ್ತಾರ್ ತನ್ನ ಕೈಯನ್ನೇ ನೋಡುತ್ತ ಕೂತ. "ನನ್ನ ಮಗಳಿಗೆ ನಾನೇ ಕುಡಿಸಿದೆ," ಎಂದವನೇ ಮುಖ ತಿರುಗಿಸಿ ಅತ್ತುಬಿಟ್ಟ. ಸುಗತ ಪಕ್ಕದಲ್ಲಿ ಕೂತು ಅವನ ಹೆಗಲ ಮೇಲೆ ಕೈಯಿಟ್ಟ.

"ಮೋರಿಗೆ ಯಾಕೆ ಬಿಡ್ಬೇಕು ಮಗಾ? ನಿಮ್ಮ ಸೀಬೆ ಗಿಡ ಇದೆಯಲ್ಲ," ಎಂದ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮನೆಯ ಪಕ್ಕದ ಸೀಬೆ ಗಿಡದ ಬುಡಕ್ಕೆ ಪೈಪು ಹಾಕಿ, ಮುಕ್ತಾರ್ ತಳದ ತಿರುಪು ಬಿಚ್ಚಿದ. ನೀರು ಪೂರ್ತಿ ಹರಿದು ಮುಗಿಯುವವರೆಗೆ ಅವನು ತಲೆಗೆ ಟೋಪಿ ಹಾಕಿಕೊಂಡು ಗಿಡದ ಪಕ್ಕದಲ್ಲೇ ನಿಂತಿದ್ದ.

ಆಮೇಲೆ ಮಾರತ್ತಹಳ್ಳಿಯವರಿಗೆ ಫೋನ್ ಮಾಡಿದ. "ಟ್ಯಾಂಕ್ ಕ್ಲೀನ್ ಮಾಡಿಲ್ಲ ಸಾರ್, ತಪ್ಪು ನಂದೇ. ನಾಳೆ ಗಾಡಿ ಕೊಡೋಕಾಗಲ್ಲ, ನಾಡಿದ್ದು ಹೊರಡಿ," ಎಂದ. ಆ ಕಡೆಯವರು ಮೊದಲು ಗೊಣಗಿದರು. ಕಾರಣ ಕೇಳಿದ ಮೇಲೆ ಒಪ್ಪಿದರು.

ಸುಗತ ನಿಂತು ಕೆಲಸ ಹೇಳಿಕೊಟ್ಟ. ಪಾತ್ರೆಯ ಸೋಪು ಹಾಕಿ, ಕೈಗೆಟುಕುವ ಕಡೆಯೆಲ್ಲ ಉದ್ದ ಹಿಡಿಯ ಮೆದು ಬ್ರಶ್ಶಿನಿಂದ ತಿಕ್ಕಿ, ನೊರೆ ಹೋಗುವವರೆಗೆ ಜಾಲಾಡಿಸಿದರು. ಗೀಸರ್ ಆರಿಸಿ ಅದರ ನೀರನ್ನೂ ಖಾಲಿ ಮಾಡಿದರು. ಹಳೆಯ ಫಿಲ್ಟರ್ ಬಿಚ್ಚಿ ತೆಗೆದರು.

"ತೊಳೆದ್ರೆ ಮುಗೀತಲ್ಲ?" ಎಂದ ಮುಕ್ತಾರ್.

"ಇಲ್ಲ. ತೊಳೆದ್ರೆ ಕೊಳೆ ಹೋಗುತ್ತೆ, ರೋಗಾಣು ಪೈಪಲ್ಲೇ ಕೂತಿರುತ್ತೆ. ಅದಕ್ಕೆ ಕ್ಲೋರಿನ್ ಬೇಕು."

ಕೈಗವಸು ಹಾಕಿಕೊಂಡು, ಗಾಡಿಯ ಕಿಟಕಿಗಳನ್ನೆಲ್ಲ ತೆರೆದು, ಪರಿಮಳ ಬೆರೆಸದ, ಶೇಕಡಾ ಐದರ ಹೈಪೋಕ್ಲೋರೈಟ್ ಬ್ಲೀಚ್ ದ್ರಾವಣವನ್ನು ನೂರು ಎಂಎಲ್ ಅಳೆದು ಬಕೆಟ್ ನೀರಿಗೆ ಬೆರೆಸಿದರು. ಅದನ್ನು ಟ್ಯಾಂಕಿಗೆ ಸುರಿದು, ಮೇಲೆ ಒಳ್ಳೆಯ ನೀರು ಪೂರ್ತಿ ತುಂಬಿಸಿದರು. ಒಂದೊಂದೇ ನಲ್ಲಿ ತೆರೆದು, ಕ್ಲೋರಿನ್ ವಾಸನೆ ಬರುತ್ತಲೇ ನಿಲ್ಲಿಸಿದರು.

"ಇದಕ್ಕೆ ಆಸಿಡ್ ಆಗ್ಲಿ, ಟಾಯ್ಲೆಟ್ ತೊಳೆಯೋದಾಗ್ಲಿ ಬೆರೆಸಬೇಡಿ ಭಾಬಿ. ವಿಷದ ಗಾಳಿ ಬರುತ್ತೆ. ಈ ನೀರು ಗಿಡಕ್ಕೂ ಬೇಡ, ಇದನ್ನ ಮೋರಿಗೇ ಬಿಡಿ," ಎಂದು ಸುಗತ ಹಮೀದಾಗೆ ಹೇಳಿದ.

ರಾತ್ರಿಯೆಲ್ಲ ಹಾಗೇ ಬಿಟ್ಟು, ಬೆಳಗ್ಗೆ ಖಾಲಿ ಮಾಡಿ, ವಾಸನೆ ಹೋಗುವವರೆಗೆ ಹೊಸ ನೀರು ಹರಿಸಿದರು. ಹೊಸ ಫಿಲ್ಟರ್ ಹಾಕಿದರು. ಕುಡಿಯುವ ನೀರಿಗೆಂದೇ ಹೊಸ ಪೈಪು ತಂದು, ಅದನ್ನು ಗಾಡಿ ತೊಳೆಯುವ ಪೈಪಿನ ಜೊತೆ ಇಡದೆ ಬೇರೆ ಕಡೆ ನೇತುಹಾಕಿದರು.

ಹಮೀದಾ ಅತ್ತೆಯ ಪೆಟ್ಟಿಗೆಯ ತಳದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಇನ್ನೊಂದು ಬಾಟಲಿಯನ್ನು ಹುಡುಕಿ ತಂದಳು. ಬಿರಡೆ ಬಿಚ್ಚದ ಝಮ್‌ಝಮ್ ನೀರು. ಮುಕ್ತಾರ್ ಅದನ್ನು ಟ್ಯಾಂಕಿಗೆ ಸುರಿಯಲಿಲ್ಲ. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತೊಳೆದ ಚಮಚದಲ್ಲಿ ಒಂದು ಗುಟುಕು ಕುಡಿಸಿ, ಬಾಟಲಿಯನ್ನು ಮುಚ್ಚಿ ಮೇಲಿನ ಗೂಡಿನಲ್ಲಿಟ್ಟ.

ರಿಮ್ಶಾ ತುಟಿ ಒರೆಸಿಕೊಂಡು, "ಅಬ್ಬಾಜಾನ್, ದಾದಿ ನೀರು ಇವತ್ತು ವಾಸನೆ ಇಲ್ಲ," ಎಂದಳು.

ಅವಳಿಗೆ ಮೊದಲೇ ಗೊತ್ತಿತ್ತು. ದೊಡ್ಡವರು ಯಾರೂ ಅವಳನ್ನು ಕೇಳಿರಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಮೋಟರ್‌ಹೋಮ್ ಇರಬಹುದು, ಅಥವಾ ಮನೆ ಮೇಲೊಂದು ಕರಿ ಟ್ಯಾಂಕು ಇರಬಹುದು. ಕೆಲವು ತಿಂಗಳಿಗೊಮ್ಮೆ ಅದನ್ನು ತೊಳೆಯಿರಿ, ಕ್ಲೋರಿನ್ ಹಾಕಿ ಶುದ್ಧ ಮಾಡಿ. ಗಾಡಿ ಬಹಳ ದಿನ ನಿಂತಿದ್ದರೆ ಹೊರಡುವ ಮೊದಲು ಇನ್ನೊಮ್ಮೆ ಮಾಡಿ. ಮೇಲಿನಿಂದ ನೋಡಿ ನೀರು ತಿಳಿಯಾಗಿದೆ ಎಂದು ನಂಬಬೇಡಿ. ಇವತ್ತೇ ಮುಚ್ಚಳ ತೆರೆದು ಒಳಗೋಡೆಯನ್ನು ಕೈಯಿಂದ ಸವರಿ ನೋಡಿ. ಆ ಕೈಯನ್ನು ನಿಮ್ಮ ಮಗುವಿನ ಬಾಯಿಗೆ ಇಡುತ್ತೀರಾ?