ಒರಗಿ ತುಳಿಯುವ ಸೈಕಲ್ಲಿನ ಚೌಕಾಸಿ

“ಕುರ್ಚಿ ಮಾರಾಕ ಕುಂತೀರೋ, ಸೈಕಲ್ ಮಾರಾಕ ಕುಂತೀರೋ? ಯಾವುದರ ಒಂದು ಹೇಳ್ರಿ! ಕುರ್ಚಿಗಿ ಪೆಡಲ್ ಹಚ್ಚಿ ಇಪ್ಪತ್ತೆರಡು ಸಾವಿರ ಅಂದ್ರ, ಖಾನಾಪುರದಾವ್ರು ಕಿವಿಗಿ ಹೂ ಇಟ್ಕೊಂಡು ಬೆಳಗಾವಿಗೆ ಬರ್ತಾರಂತ ತಿಳದೀರೇನು?”

“ಸೇಠಜೀ, ಜರಾ ಹಳೂಕ ಮಾತಾಡ್ರಿ. ಬಾಜು ದವಾಖಾನಿ ಐತಿ,” ಎಂದ ಅಂಗಡಿಯ ಮಾಲೀಕ ಮುಸ್ತಕೀಮ.

“ಇರ್ಲಿ! ನನ್ನ ದನಿನ ಹಿಂಗ ಐತಿ!” ಎಂದು ಆದಿನಾಥ ಮತ್ತೂ ಜೋರು ಮಾಡಿದ.

“ಹೌದ್ರಿ ಭಾಯಿ, ಹಿಂಗ ಐತಿ,” ಎಂದಳು ಹೆಂಡತಿ ದೀಪಾಲಿ. “ಮನ್ಯಾಗ ಉಪ್ಪು ಕೊಡು ಅನ್ನಾಕೂ ಇಷ್ಟ ಒದರ್ತಾರ. ನೀವು ಮನಸಿಗೆ ಹಚ್ಕೋಬ್ಯಾಡ್ರಿ.”

ಆದಿನಾಥನಿಗೆ ಖಾನಾಪುರದ ಬಜಾರದಲ್ಲಿ ಸ್ಟೀಲ್ ಭಾಂಡೆಗಳ ಅಂಗಡಿ. ಅಲ್ಲಿ ಮಾರುವ ಕುಕ್ಕರುಗಳಾದರೂ ಸೀಟಿ ಹೊಡೆದು ಮುನ್ಸೂಚನೆ ಕೊಡುತ್ತಿದ್ದವು. ಮಾಲೀಕನಲ್ಲಿ ಆ ಏರ್ಪಾಡೂ ಇರಲಿಲ್ಲ. ಸಿಟ್ಟು ಬಂದದ್ದು ಎದುರಿನವರಿಗೆ ಗೊತ್ತಾಗುವುದರೊಳಗೆ ಅರ್ಧ ಬೈಗುಳ ಮುಗಿದಿರುತ್ತಿತ್ತು. ಆದರೆ ಇವತ್ತಿನ ಕೂಗಾಟ ಸಿಟ್ಟಿನದಲ್ಲ. ಕೂತಲ್ಲೇ ಒರಗಿ ತುಳಿಯುವ ಆ ವ್ಯಾಯಾಮದ ಸೈಕಲ್ಲು ಅವನಿಗೆ ಪ್ರಾಣಕ್ಕಿಂತ ಹೆಚ್ಚು ಹಿಡಿಸಿಬಿಟ್ಟಿತ್ತು. ಮಾಲು ಮನಸ್ಸಿಗೆ ಬಂದಷ್ಟೂ ಮುಖ ಗಂಟಿಕ್ಕಬೇಕು ಎಂಬುದು ವ್ಯಾಪಾರಿಯ ಮನೆಯಲ್ಲಿ ಹುಟ್ಟಿದವನ ಮೊದಲ ಪಾಠ. ಅವನು ಗಂಟಿಕ್ಕಿದ್ದ.

ಎಲ್ಲದರ ಮೂಲ ಅವನ ಬಲ ಮೊಣಕಾಲು. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೂವತ್ತು ವರ್ಷ ವ್ಯಾಪಾರ ಮಾಡಿದ ಮೊಣಕಾಲು ಹೋದ ವರ್ಷ ಮಡಚುವುದಿಲ್ಲವೆಂದು ಹಟ ಹಿಡಿಯಿತು. ಅಂಗಡಿಯ ನಿಚ್ಚಣಿಕೆ ಹತ್ತಿ ಅಟ್ಟದ ಮೇಲಿನ ಕೊಳಗ, ಪರಾತ ಇಳಿಸುವ ಕೆಲಸ ದೀಪಾಲಿಯ ಪಾಲಿಗೆ ಬಂತು. ಅದನ್ನಾದರೂ ಆದಿನಾಥ ತಡೆದುಕೊಂಡ. ತಡೆಯಲಾಗದ್ದು ಬಸದಿಯೊಳಗಿನ ಅವಮಾನ. ಪೂಜೆಗೆ ಗಂಡಸರೆಲ್ಲ ಸಾಲಾಗಿ ನೆಲದ ಮೇಲೆ ಕೂತರೆ, ಇವನಿಗೆ ಗೋಡೆಯ ಬದಿಗೆ, ಮುದುಕಿಯರ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ತೊಂಬತ್ತು ದಾಟಿದ ಸುಂದರಾಬಾಯಿ ಪಕ್ಕದ ಕುರ್ಚಿ ತಟ್ಟಿ, “ಬಾ ತಮ್ಮಾ, ನಮ್ಮ ಗುಂಪಿಗಿ ನೀನೂ ಬಂದಿ, ಛಲೋ ಆತು,” ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದಳು. ಅವಳ ಮೇಲೆ ಕೂಗಾಡಲೂ ಬರುವಂತಿರಲಿಲ್ಲ. ಅವಳಿಗೆ ಕಿವಿ ಕೇಳುವುದಿಲ್ಲ. ಬರುವ ದಶಲಕ್ಷಣ ಪರ್ವದ ಪೂಜೆಗೆ ನೆಲದ ಮೇಲೆ ಕೂತೇ ತೀರುತ್ತೇನೆಂದು ಅವನು ಅಂದೇ ಮನಸ್ಸಿನಲ್ಲಿ ಪಣ ತೊಟ್ಟ.

“ತೊಡಿಯೊಳಗ ಶಕ್ತಿ ಇಲ್ಲ. ದಿನಾ ಸೈಕಲ್ ತುಳೀರಿ, ಬೆನ್ನಿಗೆ ಆಸರಾ ಇರೂವಂಥಾದ್ದು. ಕಾಲು ಸುಧಾರಿಸ್ತೈತಿ, ಇಲ್ಲಂದ್ರ ಮುಂದ ಆಪರೇಶನ್,” ಎಂದರು ಡಾಕ್ಟರು. ಆದಿನಾಥನಿಗೆ ಕೇಳಿಸಿದ್ದು ಎರಡೇ ಮಾತು: ಸೈಕಲ್, ಆಪರೇಶನ್. ನಡುವಿನ ಬೆನ್ನಿನ ವಿಷಯ ಗಾಳಿಗೆ ಹೋಯಿತು. ವಡಗಾವಿಯ ಒಬ್ಬ ನೇಕಾರನ ಮನೆಯಲ್ಲಿ ಬಿದ್ದಿದ್ದ ಹಳೆಯ ವ್ಯಾಯಾಮದ ಸೈಕಲ್ಲನ್ನು ಚೌಕಾಸಿ ಮಾಡಿ ತಂದ. ನೆಟ್ಟಗೆ ನಿಂತ ಸೈಕಲ್ಲು, ಅಂಗೈಯಗಲದ ಸೀಟು. ಅದರ ಮೇಲೆ ಇವನು ಕೂತದ್ದು ಲೋಟದ ಮೇಲೆ ಕೊಡ ಇಟ್ಟಂತಿತ್ತು. ಮೊಣಕಾಲಿನ ನೋವು ಮರೆತೇಹೋಯಿತು, ಏಕೆಂದರೆ ಸೊಂಟ ಹಿಡಿದು ಅವನು ವಾರಗಟ್ಟಲೆ ಹಾಸಿಗೆಯಲ್ಲಿದ್ದ. ಸೈಕಲ್ಲು ಈಗ ಹಿತ್ತಲಲ್ಲಿ ಒದ್ದೆ ಟಾವೆಲ್ಲುಗಳನ್ನು ಒಣಗಿಸುತ್ತಿದೆ. “ಸೋವಿ ಸಿಕ್ತಂತ ತಂದ್ರಿ,” ಎಂದು ದೀಪಾಲಿ ಒಂದೇ ಒಂದು ಸಲ ಅಂದಿದ್ದಳು. ಆ ಒಂದು ಸಲವೇ ಸಾಕಾಗಿತ್ತು.

ಅದಕ್ಕೇ ಈ ಸಲ ಬೆಳಗಾವಿಯ ಖಾನಾಪುರ ರಸ್ತೆಯ ಈ ದೊಡ್ಡ ಅಂಗಡಿ. ಮುಸ್ತಕೀಮ ಮೊದಲು ತೋರಿಸಿದ್ದು ಬಲು ಅಗ್ಗದ್ದು. ಅದರ ಮೇಲೆ ಎಷ್ಟು ತೂಕದವರು ಕೂಡಬಹುದೆಂದು ಬರೆದ ಚೀಟಿ ಅಂಟಿಸಿತ್ತು. ಅದನ್ನು ಓದಿ ಆದಿನಾಥ ಏನೂ ಆಗದವನಂತೆ ಮುಂದಕ್ಕೆ ಸರಿದ. “ಯಾಕ್ರಿ, ಇದು ಬ್ಯಾಡೇನು?” ಎಂದು ಮುಸ್ತಕೀಮ ಕೇಳಿದರೆ, “ಬಣ್ಣ ಸರಿ ಇಲ್ಲ,” ಎಂದ. ದೀಪಾಲಿ ಕೆಮ್ಮಿದಳು. ಇನ್ನೊಂದು ಬಹಳ ದುಬಾರಿ. ಸೀಟು ಹಿಂದೆ ಮುಂದೆ ಸರಿಸಲು ಹಿಡಿಕೆಯಿತ್ತು, ನೀರಿನ ಬಾಟಲಿಗೆ ಜಾಗವಿತ್ತು. ಇಪ್ಪತ್ತೆರಡು ಸಾವಿರದ ಈ ನಡುವಿನದಕ್ಕೆ ಆ ಹಿಡಿಕೆ ಇರಲಿಲ್ಲ. ಕೂಡುವವರ ಕಾಲಿನ ಅಳತೆ ನೋಡಿ ಸ್ಪ್ಯಾನರಿನಿಂದ ನಟ್ಟು ಬಿಗಿಯಬೇಕು, ಅಷ್ಟೇ. ಆದರೆ ಒರಗಲು ಅಗಲವಾದ ಬೆನ್ನಿತ್ತು, ಕೂಡಲು ಕಾಲೆತ್ತಿ ದಾಟಬೇಕಿರಲಿಲ್ಲ. ಆದಿನಾಥ ಕೂತ, ಒರಗಿದ, ತುಳಿದ. ಮೊಣಕಾಲು ತುಟಿ ಪಿಟಕ್ಕೆನ್ನಲಿಲ್ಲ. ಬಸದಿಯ ತಣ್ಣನೆಯ ನೆಲ ಕಣ್ಣಿಗೆ ಬಂತು. ಒಡನೆ ಎದ್ದವನೇ ಕೂಗಾಡಲು ಶುರುಮಾಡಿದ್ದ.

“ರೆಕ್ಸಿನ್ ನೋಡ್ರಿ, ಈಗ ಹರೀತೈತಿ! ಪೆಡಲ್ ಪ್ಲಾಸ್ಟಿಕ್ಕು! ಹದಿನೈದಕ್ಕ ಕೊಡ್ತೀರೇನು?”

“ಫಿಕ್ಸ್ ರೇಟ್ ಸೇಠಜೀ. ಬೋರ್ಡ್ ಹಚ್ಚೇವಿ.”

“ನಾನೂ ಹಚ್ಚೇನಿ ನನ್ನ ಅಂಗಡಿಗೆ! ಬೋರ್ಡ್ ನೋಡಿ ಯಾರರ ವ್ಯಾಪಾರ ಮಾಡ್ತಾರೇನು?” ಅವನು ಹೆಂಡತಿಯ ಕಡೆ ತಿರುಗಿ, “ಏಳು ದೀಪಾಲಿ, ಹೋಗೂಣು! ಇಲ್ಲಿ ಮನಷ್ಯಾರಿಗೆ ಕಿಮ್ಮತ್ತಿಲ್ಲ!” ಎಂದು ಗುಡುಗಿ ಬಾಗಿಲು ದಾಟಿ ಹೊರನಡೆದ.

ಇದು ಗಂಡಹೆಂಡಿರ ಹಳೆಯ ಆಟ. ಮದುವೆಯಾದಾಗಿನಿಂದ ಸೀರೆಯಿಂದ ಹಿಡಿದು ಎಮ್ಮೆಯವರೆಗೆ ಎಲ್ಲವನ್ನೂ ಅವರು ಹೀಗೇ ಕೊಂಡವರು. ಇವನು ರೇಗಿ ಎದ್ದುಹೋಗಬೇಕು. ಅವಳು ಅಂಗಡಿಯಲ್ಲೇ ಉಳಿದು, ಸೆರಗು ಸರಿಮಾಡಿಕೊಳ್ಳುತ್ತ, “ಅವರದು ಸಿಟ್ಟಿನ ಸ್ವಭಾವ ಅಣ್ಣಾರ, ನೀವು ಸ್ವಲ್ಪ ಇಳಸ್ರಿ, ನಾ ಹೊಳ್ಳಿಸಿ ಕರ್ಕೊಂಡು ಬರ್ತೀನಿ,” ಅನ್ನಬೇಕು. ಅಂಗಡಿಯವನು ಇಳಿಸಬೇಕು. ಅವಳು ಬಾಗಿಲಿಗೆ ಬಂದು ಕರೆಯಬೇಕು. ಇವನು ಒಲ್ಲದ ಮುಖ ಹೊತ್ತು ಒಳಗೆ ಹೋಗಬೇಕು.

ಆದಿನಾಥ ರಸ್ತೆಯ ಬದಿಯ ಬಸ್ ಸ್ಟಾಪಿನಲ್ಲಿ ನಿಂತು, ಸಿಟ್ಟಿನ ಬೆನ್ನು ಅಂಗಡಿಗೆ ಕಾಣುವಂತೆ ತಿರುಗಿಸಿ ಕಾದ. ಕರೆ ಬರಲಿಲ್ಲ. ಬೆನ್ನಿನ ಸಿಟ್ಟು ದೂರಕ್ಕೆ ಕಾಣಿಸುತ್ತಿಲ್ಲವೇನೋ ಎಂದು ಕೈ ಬೇರೆ ಕಟ್ಟಿಕೊಂಡ. ಆಗಲೂ ಬರಲಿಲ್ಲ. ಕಡೆಗೆ ತಡೆಯಲಾರದೆ ಓರೆಗಣ್ಣಿನಿಂದ ಗಾಜಿನೊಳಗೆ ನೋಡಿದ.

ದೀಪಾಲಿ ಸೈಕಲ್ಲಿನ ಮೇಲೆ ಕೂತಿದ್ದಳು. ಚಪ್ಪಲಿ ಬಿಟ್ಟು, ಸೀರೆಯ ನಿರಿಗೆ ತುಸು ಎತ್ತಿ ಸಿಕ್ಕಿಸಿ, ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ, ಮೆಲ್ಲಗೆ ತುಳಿಯುತ್ತಿದ್ದಳು. ವರ್ಷವಿಡೀ ನಿಚ್ಚಣಿಕೆ ಹತ್ತಿಳಿದ ಕಾಲುಗಳು. ಅವು ನೋಯುತ್ತವೆಯೇ ಎಂದು ಇವನು ಕೇಳಿರಲಿಲ್ಲ. ಕೇಳಿದ್ದರೂ ಒದರಿಯೇ ಕೇಳುತ್ತಿದ್ದ. ಆಟದಲ್ಲಿ ತನ್ನ ಪಾಳಿ ಬಂದದ್ದು ಅವಳ ನೆನಪಿನಲ್ಲೇ ಇದ್ದಂತೆ ಕಾಣಲಿಲ್ಲ.

ಬಹಳ ಹೊತ್ತಿನ ಮೇಲೆ ಫೋನು ಬಂತು.

“ಎಲ್ಲಿ ಅದೀರಿ?”

“ಎಲ್ಲಿ ಇರ್ತೀನಿ? ಸ್ಟಾಪಿನ್ಯಾಗ! ಎಷ್ಟಕ್ಕ ಬಂದ?”

“ಯಾರು?”

“ಮುಸ್ತಕೀಮ! ಎಷ್ಟು ಇಳಿಸಿದ?”

“ಅಯ್ಯ, ಅದನ್ನ ಕೇಳೂದ ಮರತೆ ನೋಡ್ರಿ. ಬೋರ್ಡಿನ್ಯಾಗ ಇದ್ದಷ್ಟ ಫೋನಿಂದ ಕೊಟ್ಟೆ. ಬಾಳ ಹಿತ ಐತಿ ಇದು. ಸೀಟ್ ಬಿಗಿಯಾಕ ನಿಮ್ಮ ಕಾಲಿನ ಅಳತಿ ಬೇಕಂತ, ಲಗೂನ ಒಳಗ ಬರ್ರಿ.”

ಎದ್ದುಹೋದ ಗಿರಾಕಿ ಯಾರೂ ಇಳಿಸದ ರೇಟಿಗೆ ತಾನಾಗಿ ಮರಳಿ ಬರುವುದು! ಅಂಥವರನ್ನು ಆದಿನಾಥ ತನ್ನ ಅಂಗಡಿಯಲ್ಲಿ ಕಂಡಿದ್ದ. “ಬರ್ರಿ, ಬರ್ರಿ,” ಎಂದು ಮೀಸೆಯಡಿಯಲ್ಲಿ ನಕ್ಕಿದ್ದ. ಈಗ ಗಾಜಿನಾಚೆ ಮುಸ್ತಕೀಮ ಇವನ ಕಡೆ ಕೈಬೀಸಿ ಕರೆಯುತ್ತಿದ್ದ. ಅವನಿಗೆ ಮೀಸೆಯಿರಲಿಲ್ಲ, ನಗು ಪೂರಾ ಕಾಣುತ್ತಿತ್ತು. ಹತ್ತು ಮಾರು ದೂರ. ಹೋಗಿ ಕಾಲು ಚಾಚಿ ಕೂತರೆ ಮುಗಿಯಿತು. ನೆಲ, ಪೂಜೆ, ಗಂಡಸರ ಸಾಲು ಎಲ್ಲ ಸಿಗುತ್ತಿತ್ತು. ಅಷ್ಟರಲ್ಲಿ ಖಾನಾಪುರದ ಬಸ್ಸು ಬಂದು ನಿಂತಿತು. ಕೈ ತಾನಾಗಿ ಸರಳನ್ನು ಹಿಡಿಯಿತು.

“ನನ್ನ ಕಾಲು ಬಸ್ ಹತ್ತ್ಯಾವು!” ಎಂದು ಫೋನಿನಲ್ಲಿ ಕೂಗಿದ.

“ಹತ್ತಲಿ ಬಿಡ್ರಿ. ಹಂಗಾರ ನನ್ನ ಅಳತಿಗೇ ಬಿಗಸ್ತೀನಿ. ನಾ ಟೆಂಪೋದಾಗ ಬರ್ತೀನಿ, ತಡಾ ಆಗ್ತೈತಿ. ಹೊತ್ತು ಮುಳುಗೂದ್ರೊಳಗ ಅವಲಕ್ಕಿ ಕಲಸ್ಕೊಂಡು ಉಣ್ರಿ.”

ಮೆಟ್ಟಿಲ ಮೇಲೆ ನಿಂತವನ ಮೊಣಕಾಲು ಸೂಜಿಯಿಂದ ಚುಚ್ಚಿದಂತೆ ನೋಯಿತು. “ಒಳಗರ ಬರ್ರಿ, ಇಲ್ಲಾ ಕೆಳಗರ ಇಳೀರಿ ಕಾಕಾ,” ಎಂದ ಕಂಡಕ್ಟರ್.

ಆದಿನಾಥ ಒಮ್ಮೆ ಗಾಜಿನ ಕಡೆ ನೋಡಿದ. ಆಮೇಲೆ ನೋವಿನ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ಇಡೀ ಬಸ್ಸಿಗೆ ಕೇಳುವಂತೆ ಒದರಿದ:

“ಖಾನಾಪುರ! ಒಂದು!”